ವಿಲ್ಸನ್ ಕಾಯಿಲೆ: ಮಗನ 24 ಗಂಟೆಗಳ ಮೂತ್ರದಲ್ಲಿ ತಾಮ್ರ 260ರಿಂದ 420ಕ್ಕೆ ಏರಿದೆ, ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ: ಬಸವನಗುಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 13 ವರ್ಷ, ತೂಕ 38 ಕಿಲೋ. ಮೂರು ವರ್ಷಗಳ ಹಿಂದೆ ಬಂದ ಕಾಮಾಲೆ ಎರಡು ತಿಂಗಳಾದರೂ ಇಳಿಯದಿದ್ದಾಗ, ನಾಟಿ ಔಷಧಿಯನ್ನೂ ಕೊಡಿಸಿ ನೋಡಿ, ಕೊನೆಗೆ ಮಕ್ಕಳ ಲಿವರ್ ತಜ್ಞರ ಬಳಿಗೆ ಹೋದೆವು. ಅವರು ಕಣ್ಣಿನ ಪರೀಕ್ಷೆ ಮಾಡಿಸಿ, ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡಿ, 24 ಗಂಟೆಗಳ ಮೂತ್ರದಲ್ಲಿ ಹೊರಹೋಗುವ ತಾಮ್ರವನ್ನು ಅಳೆಸಿದ ಮೇಲೆ ಇದು ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ಆನುವಂಶಿಕ ಕಾಯಿಲೆ, ಎಂದು ಖಚಿತಪಡಿಸಿದರು. ಅಂದಿನಿಂದ ದಿನವೂ ಊಟಕ್ಕೆ ಒಂದು ಗಂಟೆ ಮೊದಲು ತಾಮ್ರವನ್ನು ಹೊರಹಾಕುವ ಡಿ-ಪೆನಿಸಿಲಮೈನ್ ಕ್ಯಾಪ್ಸೂಲ್, ಜೊತೆಗೆ ಪಿರಿಡಾಕ್ಸಿನ್ (ಬಿ6 ವಿಟಮಿನ್) ಮಾತ್ರೆ ನಡೆಯುತ್ತಿದೆ.

ನನ್ನನ್ನು ಕಾಡುತ್ತಿರುವುದು ಮೂತ್ರದ ತಾಮ್ರದ ಸಂಖ್ಯೆ. ಔಷಧ ಆರಂಭಿಸುವ ಮೊದಲು 186 ಇತ್ತು. ಆರಂಭಿಸಿದ ಮೊದಲ ತಿಂಗಳಲ್ಲೇ 1140ಕ್ಕೆ ಏರಿತು, ಆರು ತಿಂಗಳಿಗೆ 620 ಆಯಿತು. ಆಮೇಲೆ ಆಸ್ಪತ್ರೆಗೆ ಕ್ಯಾನ್ ಹೊತ್ತುಕೊಂಡು ಹೋಗುವುದು ಕಷ್ಟವೆಂದು ಮನೆಯ ಹತ್ತಿರದ ಬೇರೆ ಲ್ಯಾಬ್‌ಗೆ ಕೊಡತೊಡಗಿದೆವು. ಅಲ್ಲಿ ಕಳೆದ ವರ್ಷ 260 ಬಂದಿತ್ತು, ಮೊನ್ನೆ ಬಂದ ರಿಪೋರ್ಟಿನಲ್ಲಿ 420 ಎಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಅಧಿಕ’ ಎಂದು ಮುದ್ರಿಸಿದ್ದಾರೆ. ವೈದ್ಯರ ಭೇಟಿಗೆ ಇನ್ನೂ ಮೂರು ವಾರಗಳಿವೆ. ಅದನ್ನು ನೋಡಿದಾಗಿನಿಂದ ನನಗೆ ರಾತ್ರಿ ನಿದ್ದೆ ಇಲ್ಲ.

ಯುಗಾದಿಗೆ ತಿಪಟೂರಿನ ಅಜ್ಜಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದೆವು. ಅಲ್ಲಿ ಕುಡಿಯುವ ನೀರು ತಾಮ್ರದ ಬಿಂದಿಗೆಯಲ್ಲಿರುತ್ತದೆ. ನಮ್ಮ ಮನೆಯ ಬಿಂದಿಗೆ, ಚೊಂಬುಗಳನ್ನೆಲ್ಲ ಮೂರು ವರ್ಷಗಳ ಹಿಂದೆಯೇ ಅಟ್ಟಕ್ಕೆ ಏರಿಸಿದ್ದೇನೆ, ದೇವರ ಮನೆಯ ಪಂಚಪಾತ್ರೆಯನ್ನೂ ಬೆಳ್ಳಿಯದಕ್ಕೆ ಬದಲಾಯಿಸಿದ್ದೇನೆ. ಆದರೆ ಅಲ್ಲಿ ಮಗ ಆಟವಾಡಿ ಬಂದು ಆ ಬಿಂದಿಗೆಯ ನೀರನ್ನೇ ಕುಡಿದದ್ದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅದರಿಂದಲೇ ಹೀಗಾಯಿತೇ? ಅಥವಾ ಕಾಯಿಲೆ ಮತ್ತೆ ತಲೆ ಎತ್ತುತ್ತಿದೆಯೇ? ಸಂಖ್ಯೆ ಎಷ್ಟಿದ್ದರೆ ಸರಿ ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಲ್ಯಾಬ್ ತಂತ್ರಜ್ಞ, ಜಯನಗರ

ಅಮ್ಮ, ಮೊದಲು ಆ ರಿಪೋರ್ಟನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು ಎರಡು ವಿಷಯಗಳನ್ನು ನೋಡಿ. 420ರ ಮುಂದೆ ಯಾವ ಮಾನ ಬರೆದಿದ್ದಾರೆ, ದಿನಕ್ಕೆ ಇಷ್ಟು ಮೈಕ್ರೋಗ್ರಾಂ ಎಂದೇ, ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದೇ? ಎರಡನೆಯದಾಗಿ, 24 ಗಂಟೆಗಳಲ್ಲಿ ಸಂಗ್ರಹವಾದ ಒಟ್ಟು ಮೂತ್ರ ಎಷ್ಟು ಎಂದು ಎಲ್ಲಾದರೂ ನಮೂದಾಗಿದೆಯೇ? ಹಳೆಯ ರಿಪೋರ್ಟಿನಲ್ಲೂ ಇವೆರಡನ್ನು ಹುಡುಕಿ.

ಮೂವತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತೇನೆ, ತಾಮ್ರವನ್ನು ಅಳೆಯುವ ಯಂತ್ರ ಇಂದು ಬಹಳ ನಿಖರವಾಗಿದೆ. ತಪ್ಪುಗಳು ಹುಟ್ಟುವುದು ಯಂತ್ರದ ಬಳಿ ಅಲ್ಲ, ಮನೆಯ ಬಚ್ಚಲಿನಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರವನ್ನು ಕ್ಯಾನಿಗೆ ಹಾಕದೆ ಚೆಲ್ಲಬೇಕು, ಆ ಗಳಿಗೆಯನ್ನು ಬರೆದಿಟ್ಟುಕೊಳ್ಳಬೇಕು, ಅಲ್ಲಿಂದ ಮರುದಿನ ಅದೇ ಸಮಯದವರೆಗಿನ ಪ್ರತಿಯೊಂದು ಹನಿಯೂ, ಮರುದಿನದ ಮೊದಲ ಮೂತ್ರವೂ ಸೇರಿ, ಕ್ಯಾನಿಗೆ ಹೋಗಬೇಕು. ಮೊದಲ ದಿನದ ಮೊದಲ ಮೂತ್ರವನ್ನು ಸೇರಿಸಿಕೊಂಡರೆ ಅದು 24 ಗಂಟೆಗಳ ಲೆಕ್ಕವಲ್ಲ, 30 ಗಂಟೆಗಳ ಲೆಕ್ಕವಾಗಬಹುದು. ಮಲವಿಸರ್ಜನೆಗೆ ಹೋಗುವಾಗ ಮೊದಲು ಕ್ಯಾನಿನಲ್ಲಿ ಮೂತ್ರ ಮಾಡಿಸಿ ಆಮೇಲೆ ಕಳಿಸಬೇಕು, ಇಲ್ಲವಾದರೆ ಒಂದು ಬಾರಿಯ ಮೂತ್ರ ಹಾಗೆಯೇ ಹರಿದುಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಭಾನುವಾರವನ್ನೇ ಆರಿಸಿಕೊಳ್ಳಿ, ಯಾವ ಹುಡುಗನೂ ಕ್ಯಾನ್ ಹಿಡಿದು ಶಾಲೆಯ ಶೌಚಾಲಯಕ್ಕೆ ಹೋಗುವುದಿಲ್ಲ.

ಕ್ಯಾನ್ ಲೋಹದ ಅಂಶವಿಲ್ಲದ, ಲ್ಯಾಬಿನವರೇ ಆಮ್ಲದಿಂದ ತೊಳೆದು ಕೊಟ್ಟ ಪ್ಲಾಸ್ಟಿಕ್ ಕ್ಯಾನೇ ಆಗಿರಬೇಕು. ಮನೆಯಲ್ಲಿ ಚೊಂಬಿನಲ್ಲಿ ಹಿಡಿದು ಕ್ಯಾನಿಗೆ ಸುರಿಯುವವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಹಿತ್ತಾಳೆ, ತಾಮ್ರದ ಪಾತ್ರೆ ಸೋಕಿದ ಮಾದರಿಯಲ್ಲಿ ನಾವು ಅಳೆಯುವುದು ಮಗುವಿನ ದೇಹದ ತಾಮ್ರವನ್ನಲ್ಲ. ಕ್ಯಾನಿನ ತಳದಲ್ಲಿ ಸ್ವಲ್ಪ ಆಮ್ಲ ಹಾಕಿ ಕೊಟ್ಟಿದ್ದರೆ ಅದನ್ನು ಕೊಳೆ ಎಂದುಕೊಂಡು ತೊಳೆದುಬಿಡಬೇಡಿ.

ಬಸವನಗುಡಿಯ ತಾಯಿ

ಸರ್, ನೋಡಿದೆ. ಎರಡು ರಿಪೋರ್ಟಿನಲ್ಲೂ ಲೀಟರಿಗೆ ಮೈಕ್ರೋಗ್ರಾಂ ಎಂದೇ ಇದೆ. ಆಸ್ಪತ್ರೆಯ ಹಳೆಯ ರಿಪೋರ್ಟುಗಳಲ್ಲಿ ದಿನಕ್ಕೆ ಎಂದಿದೆ. ಈ ವ್ಯತ್ಯಾಸವನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಒಟ್ಟು ಮೂತ್ರದ ಅಳತೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಕಳೆದ ವರ್ಷ 1450 ಮಿಲಿಲೀಟರ್, ಈ ಬಾರಿ 800 ಮಿಲಿಲೀಟರ್. ಈ ಬಾರಿ ಕ್ರಿಯಾಟಿನಿನ್ ಕೂಡ ಇದೆ, ಡೆಸಿಲೀಟರಿಗೆ 78 ಮಿಲಿಗ್ರಾಂ. ಕಳೆದ ಬಾರಿ ಅದನ್ನು ಮಾಡಿಸಿರಲಿಲ್ಲ. ಕಳೆದ ವರ್ಷ ಕ್ಯಾನ್ ಕೊಟ್ಟವರು ಚೆನ್ನಾಗಿ ನೀರು ಕುಡಿಸಿ ಎಂದಿದ್ದರು. ಈ ಬಾರಿ ಸೆಕೆಯಲ್ಲಿ ಇಡೀ ದಿನ ಕ್ರಿಕೆಟ್ ಆಡಿದ್ದ.

ನಿವೃತ್ತ ಲ್ಯಾಬ್ ತಂತ್ರಜ್ಞ, ಜಯನಗರ

ಹಾಗಾದರೆ ಲೆಕ್ಕ ಹಾಕೋಣ. ಕಳೆದ ವರ್ಷ ಲೀಟರಿಗೆ 260ರಂತೆ 1.45 ಲೀಟರಿಗೆ 377 ಮೈಕ್ರೋಗ್ರಾಂ. ಈ ವರ್ಷ ಲೀಟರಿಗೆ 420ರಂತೆ 0.8 ಲೀಟರಿಗೆ 336 ಮೈಕ್ರೋಗ್ರಾಂ. ದಿನಕ್ಕೆ ಹೊರಹೋದ ತಾಮ್ರ ಏರಿಲ್ಲ, ತುಸು ಇಳಿದಿದೆ. ಮಗು ಬೆವರಿ ಮೂತ್ರ ಗಟ್ಟಿಯಾಗಿದ್ದರಿಂದ ಲೀಟರಿನ ಲೆಕ್ಕದಲ್ಲಿ ಮಾತ್ರ ಸಂಖ್ಯೆ ದೊಡ್ಡದಾಗಿ ಕಂಡಿದೆ.

ಸಂಗ್ರಹ ಪೂರ್ಣವಾಗಿದೆಯೇ ಎಂಬುದಕ್ಕೆ ಕ್ರಿಯಾಟಿನಿನ್ ಸಾಕ್ಷಿ. ಅದು ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುತ್ತದೆ, ಈ ವಯಸ್ಸಿನ ಮಕ್ಕಳಲ್ಲಿ ಸ್ಥೂಲವಾಗಿ ಕಿಲೋ ತೂಕಕ್ಕೆ 15ರಿಂದ 20 ಮಿಲಿಗ್ರಾಂ. ನಿಮ್ಮ ಮಗನ ಕ್ಯಾನಿನಲ್ಲಿ 624 ಮಿಲಿಗ್ರಾಂ ಇದೆ, 38 ಕಿಲೋಗೆ ಭಾಗಿಸಿದರೆ 16ರ ಮೇಲೆ ಬರುತ್ತದೆ. ಅಂದರೆ ಮೂತ್ರವನ್ನು ಎಲ್ಲೂ ಚೆಲ್ಲಿಲ್ಲ, 800 ಮಿಲಿಲೀಟರ್ ನಿಜವಾಗಿಯೂ ಇಡೀ ದಿನದ್ದೇ. ಇದು 300 ಬಂದಿದ್ದರೆ ಅರ್ಧ ದಿನದ ಮೂತ್ರ ಕಳೆದುಹೋಗಿದೆ ಎಂದೇ ನಾನು ಹೇಳುತ್ತಿದ್ದೆ. ಮುಂದೆ ಪ್ರತಿ ಬಾರಿಯೂ ಅದೇ ಕ್ಯಾನಿನಿಂದ ಕ್ರಿಯಾಟಿನಿನ್ ಮಾಡಿಸಿ, ಮತ್ತು ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಅಂಟಿಕೊಳ್ಳಿ.

‘ಅಧಿಕ’ ಎಂಬ ಮುದ್ರೆಯ ಬಗ್ಗೆ ಒಂದು ಮಾತು. ಅದು ಆರೋಗ್ಯವಂತರ ಮಿತಿಗೆ ಹೋಲಿಸಿ ಯಂತ್ರ ತಾನಾಗಿ ಹಾಕುವ ಗುರುತು. ಮಗು ಪೆನಿಸಿಲಮೈನ್ ತೆಗೆದುಕೊಳ್ಳುತ್ತಿದೆ ಎಂಬುದು ಆ ಯಂತ್ರಕ್ಕೆ ತಿಳಿಯದು.

ಉತ್ತರ: ರಾಜಾಜಿನಗರ, ವಿಲ್ಸನ್ ಕಾಯಿಲೆಯೊಂದಿಗೆ 24 ವರ್ಷ

ಮೇಡಂ, ನನಗೀಗ 41 ವರ್ಷ. ಹದಿನೇಳನೆಯ ವಯಸ್ಸಿನಲ್ಲಿ ನಿಮ್ಹಾನ್ಸ್‌ನಲ್ಲಿ ನನ್ನ ಕಾಯಿಲೆ ಪತ್ತೆಯಾಯಿತು. ಅಲ್ಲಿಯ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅಂತಹ ಅನುಭವ ನಮ್ಮ ಊರಿನಲ್ಲೇ ಇದೆ ಎಂಬುದು ನನಗೆ ಅಂದೂ ಧೈರ್ಯ ಕೊಟ್ಟಿತ್ತು, ಇಂದೂ ಕೊಡುತ್ತದೆ.

ಮೂತ್ರದ ಸಂಖ್ಯೆಯಲ್ಲಿ ಕಾಣದೆ ಹೋಗಬಹುದಾದ ಒಂದು ವಿಷಯವನ್ನು ನನ್ನ ಬದುಕಿನಿಂದಲೇ ಹೇಳಬೇಕೆನಿಸಿತು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿದ್ದೆ. ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮೊದಲು ಎಂಬ ನಿಯಮ ಮೆಸ್ಸಿನ ಸಮಯಕ್ಕೆ ಹೊಂದುತ್ತಿರಲಿಲ್ಲ. ಒಂದು ಹೊತ್ತು ಬಿಟ್ಟದ್ದು ಎರಡಾಯಿತು, ಕೊನೆಗೆ ಏಳೆಂಟು ತಿಂಗಳು ಔಷಧವನ್ನೇ ಮುಟ್ಟಲಿಲ್ಲ. ಪರೀಕ್ಷೆಯ ದಿನ ಹತ್ತಿರ ಬಂದಾಗ ಭಯವಾಗಿ ಒಂದು ವಾರ ಮೊದಲಿನಿಂದ ಎಲ್ಲ ಕ್ಯಾಪ್ಸೂಲ್‌ಗಳನ್ನೂ ತಪ್ಪದೆ ನುಂಗಿದೆ. ಆಗ ಬಂದ ಸಂಖ್ಯೆ 900ರ ಮೇಲಿತ್ತು. ಔಷಧ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಪ್ಪ ಸಂತೋಷಪಟ್ಟರು. ವೈದ್ಯರು ರಿಪೋರ್ಟನ್ನು ಪಕ್ಕಕ್ಕಿಟ್ಟು, ಒಂದು ಹಾಳೆ ಕೊಟ್ಟು ನಿನ್ನ ವಿಳಾಸ ಬರೆ ಎಂದರು. ಮೊದಲ ಸಾಲಿನ ಅಕ್ಷರಗಳು ಸರಿಯಿದ್ದವು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವು ಸಾಸಿವೆ ಕಾಳಿನಷ್ಟು ಚಿಕ್ಕವಾಗಿ ಸಾಲಿನಿಂದ ಕೆಳಕ್ಕೆ ಜಾರುತ್ತಿದ್ದವು. ತಾಮ್ರ ಮೆದುಳಿಗೆ ತಾಕಿದ್ದರ ಗುರುತು ಅದು. ‘ಎಷ್ಟು ತಿಂಗಳು ಬಿಟ್ಟಿದ್ದೆ?’ ಎಂದಷ್ಟೇ ಕೇಳಿದರು. ಎರಡು ವರ್ಷ ಚಿಕಿತ್ಸೆಯಲ್ಲಿರುವವನಿಗೆ 900 ಬರುವುದೆಂದರೆ, ಬಿಟ್ಟ ತಿಂಗಳುಗಳಲ್ಲಿ ಅಂಗಾಂಗಗಳಲ್ಲಿ ಮತ್ತೆ ಕೂಡಿಕೊಂಡ ತಾಮ್ರ ಒಮ್ಮೆಲೇ ಹೊರಬೀಳುತ್ತಿದೆ ಎಂದು ಅವರು ವಿವರಿಸಿದರು. ಬಿಟ್ಟ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ನಾನಾಗಿಯೇ ಮತ್ತೆ ಆರಂಭಿಸಿದ್ದು ಇನ್ನೊಂದು ಅಪಾಯ, ಅದನ್ನು ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸಬೇಕಂತೆ. ಕೈಬರಹ ಮೊದಲಿನಂತಾಗಲು ನನಗೆ ಎರಡು ವರ್ಷ ಬೇಕಾಯಿತು.

ಹದಿಮೂರು ವರ್ಷ ಎಂದರೆ ಮಗ ಔಷಧವನ್ನು ತಾನೇ ನೋಡಿಕೊಳ್ಳಲು ಶುರುಮಾಡುವ ವಯಸ್ಸು. ಅವನನ್ನು ಅನುಮಾನಿಸಿ ಎಂದು ನಾನು ಹೇಳುತ್ತಿಲ್ಲ. ಒಂದು ಹೊತ್ತು ತಪ್ಪಿದರೆ ಅದನ್ನು ನಿಮ್ಮ ಬಳಿ ಅಂಜದೆ ಹೇಳುವಂತಿರಲಿ, ನನಗೆ ಆ ಸಲುಗೆ ಇರಲಿಲ್ಲ.

ಮುಂದೆ ಎಂದಾದರೂ ಅವನನ್ನು ಸತುವಿನ ಮಾತ್ರೆಗೆ ಬದಲಾಯಿಸಿದರೆ ಸಂಖ್ಯೆಯ ಅರ್ಥವೇ ಬೇರೆಯಾಗುತ್ತದೆ. ಪೆನಿಸಿಲಮೈನ್ ದೇಹದಲ್ಲಿನ ತಾಮ್ರವನ್ನು ಹಿಡಿದು ಮೂತ್ರದ ಮೂಲಕ ಹೊರಗೆಳೆಯುತ್ತದೆ, ಆದ್ದರಿಂದ ಮೂತ್ರದಲ್ಲಿ ತಾಮ್ರ ಇರಲೇಬೇಕು. ಸತು ಕರುಳಿನಲ್ಲೇ ತಾಮ್ರವನ್ನು ತಡೆದು ಮಲದೊಂದಿಗೆ ಕಳಿಸುತ್ತದೆ, ಆದ್ದರಿಂದ ಮೂತ್ರದಲ್ಲಿ ತಾಮ್ರ ಕಡಿಮೆ ಇರಬೇಕು, ದಿನಕ್ಕೆ 75 ಮೈಕ್ರೋಗ್ರಾಂ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ. ಸತು ಶುರುವಾದ ಮೇಲೆ ನನ್ನದು 310ರಿಂದ ಕ್ರಮೇಣ 60ಕ್ಕೆ ಇಳಿದಾಗ ತಾಮ್ರ ಒಳಗೇ ಉಳಿಯುತ್ತಿದೆ ಎಂದು ಹೆದರಿ ವೈದ್ಯರಿಗೆ ಫೋನ್ ಮಾಡಿದ್ದೆ. ಈಗ ಅದೇ ಕ್ಯಾನಿನಿಂದ ಸತುವನ್ನೂ ಅಳೆಯುತ್ತಾರೆ, ಅದು ಸಾಕಷ್ಟು ಹೆಚ್ಚಿದ್ದರೆ ನಾನು ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಅರ್ಥ.

ಉತ್ತರ: ಯಲಹಂಕದ ಅಮ್ಮ

ಅಕ್ಕ, ನನ್ನ ಮಗಳದು ಬೇರೆ ಕಾಯಿಲೆ, ಮೀಥೈಲ್‌ಮಲೋನಿಕ್ ಆಸಿಡೀಮಿಯಾ, ಅಂದರೆ ದೇಹದಲ್ಲಿ ಮೀಥೈಲ್‌ಮಲೋನಿಕ್ ಆಮ್ಲ ಕೂಡಿಕೊಳ್ಳುವ ಹುಟ್ಟುಕಾಯಿಲೆ. ಆರು ವರ್ಷ. ಮೂತ್ರದ ಸಂಖ್ಯೆ ನೋಡಿ ನಿದ್ದೆಗೆಟ್ಟ ರಾತ್ರಿಗಳು ನನಗೂ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ 24 ಗಂಟೆಗಳ ಸಂಗ್ರಹವಿಲ್ಲ. ಒಂದೇ ಬಾರಿಯ ಮೂತ್ರವನ್ನು ತಕ್ಷಣ ಫ್ರೀಜರಿನಲ್ಲಿ ಗಟ್ಟಿಮಾಡಿ, ಐಸ್ ಜೊತೆ ಕಳಿಸುತ್ತೇವೆ. ಅದರಲ್ಲಿನ ಆಮ್ಲವನ್ನು ಕ್ರಿಯಾಟಿನಿನ್‌ಗೆ ಭಾಗಿಸಿ ಸಂಖ್ಯೆ ಕೊಡುತ್ತಾರೆ, ನೀರು ಹೆಚ್ಚು ಕುಡಿದರೂ ಕಡಿಮೆ ಕುಡಿದರೂ ಲೆಕ್ಕ ತಪ್ಪದಿರಲೆಂದು. ಆದರೆ ನನ್ನ ಮಗಳು ಬಹಳ ಸಣಕಲು. ಸ್ನಾಯು ಕಡಿಮೆಯಾದ್ದರಿಂದ ಕ್ರಿಯಾಟಿನಿನ್ ಕಡಿಮೆ, ಭಾಗಿಸುವ ಸಂಖ್ಯೆ ಚಿಕ್ಕದಾದರೆ ಬರುವ ಉತ್ತರ ದೊಡ್ಡದು. ಕಾಯಿಲೆ ಹೆಚ್ಚದಿದ್ದರೂ ರಿಪೋರ್ಟು ಹೆಚ್ಚಾಗಿದೆ ಎನ್ನುತ್ತದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆಯೊಂದನ್ನು ನಮ್ಮ ವೈದ್ಯರು ಕಲಿಸಿದರು. ಈ ಕಾಯಿಲೆಯಲ್ಲಿ ವರ್ಷಗಳು ಕಳೆದಂತೆ ಮೂತ್ರಪಿಂಡಗಳು ಸೋಲಬಹುದು. ಸೋತ ಮೂತ್ರಪಿಂಡ ಆಮ್ಲವನ್ನು ಹೊರಹಾಕುವುದಿಲ್ಲ, ಆಗ ಮೂತ್ರದ ಸಂಖ್ಯೆ ಇಳಿದು ರಕ್ತದ ಸಂಖ್ಯೆ ಏರುತ್ತದೆ. ಮೂತ್ರದ ರಿಪೋರ್ಟೊಂದನ್ನೇ ನೋಡುವ ತಾಯಿಗೆ ಮಗು ಸುಧಾರಿಸುತ್ತಿರುವಂತೆ ಕಾಣುತ್ತದೆ. ಆದ್ದರಿಂದ ನಾವು ರಕ್ತದಲ್ಲಿನ ಅದೇ ಆಮ್ಲವನ್ನೂ ಮೂತ್ರಪಿಂಡದ ಪರೀಕ್ಷೆಯನ್ನೂ ಜೊತೆಗೇ ಮಾಡಿಸುತ್ತೇವೆ.

ಮಗಳಿಗೆ ಈ ಕಾಯಿಲೆಯ ಅನುಮಾನ ಬಂದಾಗ ಮೊದಲು ಅಳೆದದ್ದು ನನ್ನ ರಕ್ತದ ಬಿ12. ಸಸ್ಯಾಹಾರಿ ತಾಯಿಗೆ ಬಿ12 ಕೊರತೆಯಿದ್ದು, ಆಕೆಯ ಹಾಲನ್ನೇ ಕುಡಿಯುವ ಕೂಸಿನ ಮೂತ್ರದಲ್ಲೂ ಇದೇ ಆಮ್ಲ ಏರುತ್ತದಂತೆ, ಅದಕ್ಕೆ ಬಿ12 ಕೊಟ್ಟರೆ ಸಾಕು. ನಮ್ಮದು ಹಾಗಿರಲಿಲ್ಲ. ಆದರೂ ಆ ಒಂದು ಪರೀಕ್ಷೆಯನ್ನು ಮರೆಯದೆ ಮಾಡಿಸಿದ ವೈದ್ಯರನ್ನು ನಾನು ನೆನೆಯುತ್ತೇನೆ.

ಉತ್ತರ: ಮಕ್ಕಳ ವೈದ್ಯೆ, ಮೆಟಬಾಲಿಕ್ ಕ್ಲಿನಿಕ್

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಕೆಲವು ಅಂಶಗಳನ್ನಷ್ಟೇ ಸೇರಿಸುತ್ತೇನೆ.

ಡಿ-ಪೆನಿಸಿಲಮೈನ್ ಮೇಲೆ ಸ್ಥಿರವಾಗಿರುವ ರೋಗಿಯಲ್ಲಿ ದಿನಕ್ಕೆ 200ರಿಂದ 500 ಮೈಕ್ರೋಗ್ರಾಂ ತಾಮ್ರ ಮೂತ್ರದಲ್ಲಿ ಹೊರಹೋಗುವುದನ್ನು ನಾವು ಬಯಸುತ್ತೇವೆ. ಆರಂಭದ ವಾರಗಳಲ್ಲಿ 1000 ದಾಟುವುದು ನಿರೀಕ್ಷಿತ. ಆ ಲೆಕ್ಕದಲ್ಲಿ 336 ನೆಮ್ಮದಿಯ ಸಂಖ್ಯೆ. ನಾವು ಹೆಚ್ಚು ಯೋಚಿಸಬೇಕಾಗುವುದು 200ಕ್ಕಿಂತ ಕೆಳಗಿಳಿದಾಗ, ಏಕೆಂದರೆ ಅದಕ್ಕೆ ತದ್ವಿರುದ್ಧವಾದ ಎರಡು ಕಾರಣಗಳಿರಬಹುದು. ರೋಗಿ ಔಷಧವನ್ನೇ ತೆಗೆದುಕೊಳ್ಳುತ್ತಿಲ್ಲದಿದ್ದರೂ ಇಳಿಯುತ್ತದೆ, ಔಷಧ ಹೆಚ್ಚಾಗಿ ದೇಹದಲ್ಲಿ ತಾಮ್ರವೇ ಬರಿದಾಗಿದ್ದರೂ ಇಳಿಯುತ್ತದೆ. ಮೊದಲನೆಯದಕ್ಕೆ ಔಷಧವನ್ನು ನಿಯಮಿತಗೊಳಿಸಬೇಕು, ಎರಡನೆಯದಕ್ಕೆ ಕಡಿಮೆ ಮಾಡಬೇಕು. ಇವೆರಡನ್ನು ಬೇರ್ಪಡಿಸಲು ರಕ್ತದಲ್ಲಿ ಸೆರುಲೋಪ್ಲಾಸ್ಮಿನ್‌ಗೆ ಅಂಟಿಕೊಳ್ಳದ ತಾಮ್ರವನ್ನು ಲೆಕ್ಕ ಹಾಕುತ್ತೇವೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದು, ಜೊತೆಗೆ ರಕ್ತಹೀನತೆ ಅಥವಾ ಬಿಳಿರಕ್ತಕಣಗಳ ಇಳಿಕೆ ಕಂಡರೆ ಚಿಕಿತ್ಸೆ ಅತಿಯಾಗಿದೆ ಎಂದು ತಿಳಿಯುತ್ತೇವೆ. ಅಂಟಿಕೊಳ್ಳದ ತಾಮ್ರ ಹೆಚ್ಚಿದ್ದರೆ ಔಷಧ ತಪ್ಪುತ್ತಿದೆ. ಎರಡು ದಿನ ಔಷಧ ನಿಲ್ಲಿಸಿ ಮೂತ್ರ ಅಳೆಯುವ ಇನ್ನೊಂದು ವಿಧಾನವೂ ಇದೆ, ಆದರೆ ಅದನ್ನು ವೈದ್ಯರು ಹೇಳದೆ ಯಾರೂ ಮನೆಯಲ್ಲಿ ಮಾಡಬಾರದು.

ಬಿಂದಿಗೆಯ ನೀರಿನ ಬಗ್ಗೆ: ಕುಡಿಯುವುದಕ್ಕೂ ಅಡುಗೆಗೂ ತಾಮ್ರದ ಪಾತ್ರೆ ಬೇಡ ಎಂಬ ನಿಮ್ಮ ನಿಯಮ ಸರಿಯಾದದ್ದು, ಅಜ್ಜಿಯ ಮನೆಯಲ್ಲೂ ಒಂದು ಸ್ಟೀಲ್ ಪಾತ್ರೆ ಇಡಿಸಿ. ಚಿಕಿತ್ಸೆ ನಡೆಯುತ್ತಿರುವ ಮಗು ಎರಡು ದಿನ ಆ ನೀರು ಕುಡಿದದ್ದಕ್ಕೆ ನೀವು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ಸ್ನಾನದ ಹಂಡೆ ತಾಮ್ರದ್ದಾದರೆ ಚಿಂತೆಯಿಲ್ಲ.

ಪೆನಿಸಿಲಮೈನ್ ಕೆಲವರಲ್ಲಿ ಮೂತ್ರದ ಮೂಲಕ ಪ್ರೋಟೀನ್ ಸೋರುವಂತೆ ಮಾಡುತ್ತದೆ. ತಾಮ್ರದ ಸಂಖ್ಯೆಯ ಗದ್ದಲದಲ್ಲಿ ಈ ಸಾಮಾನ್ಯ ಮೂತ್ರ ಪರೀಕ್ಷೆ ಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದಯವಿಟ್ಟು ಅದನ್ನು ಬಿಡಬೇಡಿ.

ಯಲಹಂಕದ ತಾಯಿಯ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಕ್ಲಿನಿಕ್ಕಿನ ಹೊರಗೆ ಕುಳಿತ ತಂದೆತಾಯಂದಿರು ತಮ್ಮ ತಮ್ಮ ಮಕ್ಕಳ ರಿಪೋರ್ಟುಗಳನ್ನು ಹೋಲಿಸಿ ನೋಡಿಕೊಳ್ಳುತ್ತಾರೆ. ಮೂತ್ರದ ಜೈವಿಕ ಸೂಚಕಗಳು, ಅಂದರೆ ಕಾಯಿಲೆಯ ಸುಳಿವು ಕೊಡುವ ವಸ್ತುಗಳು, ಕಾಯಿಲೆಯಿಂದ ಕಾಯಿಲೆಗೆ ಬೇರೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರುತ್ತವೆ. ಟೈರೋಸಿನ್ ಎಂಬ ಅಮೈನೋ ಆಮ್ಲ ದೇಹದಲ್ಲಿ ಸರಿಯಾಗಿ ಕರಗದ ಒಂದನೆಯ ಬಗೆಯ ಟೈರೋಸಿನೀಮಿಯಾದಲ್ಲಿ, ನಿಟಿಸಿನೋನ್ ಎಂಬ ಔಷಧ ಕೊಡುವ ಮಗುವಿನ ಮೂತ್ರದಲ್ಲಿ ಸಕ್ಸಿನೈಲ್ ಅಸಿಟೋನ್ ಎಂಬ ವಿಷವಸ್ತು ಕಾಣಿಸಿಕೊಳ್ಳಲೇಬಾರದು, ಕಂಡರೆ ಔಷಧ ಸಾಲುತ್ತಿಲ್ಲ ಅಥವಾ ತಪ್ಪಿದೆ. ಗ್ಲುಟಾರಿಕ್ ಆಮ್ಲ ಕೂಡಿಕೊಳ್ಳುವ ಒಂದನೆಯ ಬಗೆಯ ಗ್ಲುಟಾರಿಕ್ ಆಸಿಡ್ಯೂರಿಯಾದಲ್ಲಿ ಮೂತ್ರದಲ್ಲಿನ ಆ ಆಮ್ಲ ಕಾಯಿಲೆಯನ್ನು ಪತ್ತೆಹಚ್ಚಲು ನೆರವಾಗುತ್ತದೆ, ಆದರೆ ಅದರ ಏರಿಳಿತ ಮಗುವಿನ ಸ್ಥಿತಿಯನ್ನು ತೋರಿಸುವುದಿಲ್ಲವಾದ್ದರಿಂದ ಅದನ್ನು ನೋಡಿ ಆಹಾರವನ್ನು ಬದಲಾಯಿಸುವುದಿಲ್ಲ.

ಕೊನೆಯದಾಗಿ, ನಿಮಗೆ ಬೇರೆ ಮಕ್ಕಳಿದ್ದಾರೆಯೇ? ವಿಲ್ಸನ್ ಕಾಯಿಲೆಯಿರುವ ಮಗುವಿನ ಪ್ರತಿಯೊಬ್ಬ ಒಡಹುಟ್ಟಿಗೂ ಅದೇ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲಕ್ಷಣಗಳು ಕಾಣುವ ಮೊದಲೇ ಔಷಧ ಆರಂಭಿಸಿದರೆ ಲಿವರ್ ಮತ್ತು ಮೆದುಳು ಎರಡನ್ನೂ ಕಾಪಾಡಬಹುದು. ಜೀನ್ ಪರೀಕ್ಷೆಯ ಸಲಹೆಗೆ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲಿ ಇವೂ ಸೇರಿವೆ.

ಬಸವನಗುಡಿಯ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ವೈದ್ಯರ ಭೇಟಿ ಮುಗಿಯಿತು. 336 ಸರಿಯಾಗಿದೆ ಎಂದರು, ಲಿವರ್ ಪರೀಕ್ಷೆ ಚೆನ್ನಾಗಿದೆ, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಔಷಧದ ಪ್ರಮಾಣ ಬದಲಾಗಿಲ್ಲ. ಮುಂದಿನ ಸಂಗ್ರಹ ಆರು ತಿಂಗಳ ನಂತರ, ಆಸ್ಪತ್ರೆಯ ಲ್ಯಾಬಿನಲ್ಲೇ.

ರಾಜಾಜಿನಗರದವರ ಬರಹವನ್ನು ಮಗನಿಗೆ ಓದಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ಯೂಷನ್ ಇರುವ ದಿನಗಳಲ್ಲಿ ಸಂಜೆಯ ಕ್ಯಾಪ್ಸೂಲ್ ಆಗಾಗ ತಪ್ಪುತ್ತಿದೆ ಎಂದು ತಾನಾಗಿಯೇ ಹೇಳಿದ. ಅದನ್ನೂ ವೈದ್ಯರಿಗೆ ತಿಳಿಸಿ ಸಮಯವನ್ನು ಬದಲಾಯಿಸಿಕೊಂಡೆವು. ಹಳೆಯ ರಿಪೋರ್ಟುಗಳನ್ನೆಲ್ಲ ಹರಡಿಕೊಂಡು ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಲೀಟರಿನ ಲೆಕ್ಕ, ಒಟ್ಟು ಮೂತ್ರ, ದಿನದ ಲೆಕ್ಕ, ಕ್ರಿಯಾಟಿನಿನ್ ಎಂದು ಗೆರೆ ಎಳೆದು ಬರೆದೆವು. ಗುಣಾಕಾರವನ್ನೆಲ್ಲ ಅವನೇ ಮಾಡಿದ.

ಅವನ ತಂಗಿಗೆ 8 ವರ್ಷ. ಅವಳ ರಕ್ತವನ್ನು ನಿನ್ನೆಯೇ ಕೊಟ್ಟುಬಂದಿದ್ದೇವೆ, ಸೆರುಲೋಪ್ಲಾಸ್ಮಿನ್ ವರದಿ ಮಂಗಳವಾರ ಬರುತ್ತದೆ. ಈ ಭಾನುವಾರ ಅವಳ ಮೂತ್ರ ಸಂಗ್ರಹ. ಕ್ಯಾನ್ ತಂದಿಟ್ಟಿದ್ದೇನೆ, ತಳದ ಆಮ್ಲವನ್ನು ಚೆಲ್ಲಿಲ್ಲ.